ಹಿಸ್ಟರಿ ಎಂ.ಎ.ನಲ್ಲಿ ಏನು ಕಲಿಸುತ್ತಾರೆ? ಅರ್ಜಿಯಿಂದ ಡಿಸರ್ಟೇಶನ್‌ವರೆಗೆ

[ಸ್ಕ್ರೀನ್ ಮೇಲೆ: ಹಲ್ಮಿಡಿ ಶಾಸನದ ಫೋಟೋ]

ಈ ಕಲ್ಲು ನಿಮಗೆ ಗೊತ್ತು. ಹಲ್ಮಿಡಿ ಶಾಸನ, ಕನ್ನಡದ ಮೊದಲ ಶಾಸನ ಎನ್ನುತ್ತಾರೆ. ಶಾಲೆಯಲ್ಲಿ ಓದಿದ್ದೀರಿ, ಕ್ವಿಜ್‌ನಲ್ಲಿ ಉತ್ತರ ಹೇಳಿದ್ದೀರಿ. ಇಸವಿ? ಕ್ರಿ.ಶ. 450. ಅಲ್ವಾ?

ಈಗ ನನ್ನ ಪ್ರಶ್ನೆ. ಈ ಕಲ್ಲಿನ ಮೇಲೆ 16 ಸಾಲುಗಳಿವೆ. ಅದರಲ್ಲಿ 450 ಎಂದು ಎಲ್ಲಿ ಬರೆದಿದೆ?

ಎಲ್ಲೂ ಇಲ್ಲ. ಈ ಶಾಸನದಲ್ಲಿ ಇಸವಿಯೇ ಇಲ್ಲ.

[ಟೈಟಲ್]

ನಮಸ್ಕಾರ. ನಿಮ್ಮಲ್ಲಿ ಬಹಳ ಜನ ಕೇಳಿದ ಪ್ರಶ್ನೆ ಇದು: "ಬಿ.ಕಾಂ ಮುಗಿಸಿದ್ದೀನಿ, ಹಿಸ್ಟರಿ ಎಂ.ಎ. ಮಾಡಬಹುದಾ? ಡಿಗ್ರಿಯಲ್ಲಿ ಓದಿದ್ದನ್ನೇ ಅಲ್ಲಿ ಇನ್ನೊಂದು ಸಲ ಓದಿಸ್ತಾರಾ?" ಎರಡನೇ ಪ್ರಶ್ನೆಗೆ ಉತ್ತರ ಈ ಕಲ್ಲಿನಲ್ಲೇ ಇದೆ. ಅದಕ್ಕೆ ಆಮೇಲೆ ಬರೋಣ. ಮೊದಲು ಅರ್ಜಿ ವಿಷಯ ಬೇಗ ಮುಗಿಸಿಬಿಡೋಣ.

ಎಂ.ಎ. ಎಂದರೆ ಎರಡು ವರ್ಷ, ನಾಲ್ಕು ಸೆಮಿಸ್ಟರ್. ನಾಲ್ಕು ವರ್ಷದ ಆನರ್ಸ್ ಡಿಗ್ರಿ ಮಾಡಿದವರಿಗೆ ಒಂದೇ ವರ್ಷದ ಎಂ.ಎ.ಗೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಅವಕಾಶ ಕೊಟ್ಟಿದೆ. ನೀವು ಸೇರುವ ಕಡೆ ಅದು ಇದೆಯೇ ಎಂದು ಅಧಿಸೂಚನೆಯಲ್ಲಿ ನೋಡಿಕೊಳ್ಳಿ.

ಸೇರಲು ಮೂರು ದಾರಿಗಳಿವೆ.

ಒಂದು, ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳು. ಮೈಸೂರಿನ ಮಾನಸಗಂಗೋತ್ರಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಕುವೆಂಪು, ಮಂಗಳೂರು, ಬೆಂಗಳೂರು, ಹೀಗೆ. ಡಿಗ್ರಿ ಫಲಿತಾಂಶ ಬಂದ ಮೇಲೆ ಅಧಿಸೂಚನೆ ಬರುತ್ತದೆ. ಈಗ ಹೆಚ್ಚಾಗಿ ರಾಜ್ಯ ಸರ್ಕಾರದ ಯುಯುಸಿಎಂಎಸ್ ಪೋರ್ಟಲ್‌ನಲ್ಲೇ ಅರ್ಜಿ. ಸೀಟು ಸಾಮಾನ್ಯವಾಗಿ ಡಿಗ್ರಿ ಅಂಕ ಮತ್ತು ಮೀಸಲಾತಿ ಮೇಲೆ ಸಿಗುತ್ತದೆ. ಬಿ.ಕಾಂನವರು ಇಲ್ಲಿ ಒಂದು ಸಾಲನ್ನು ಹುಷಾರಾಗಿ ಓದಬೇಕು: ಅರ್ಹತೆ. ಕೆಲವು ಕಡೆ ಡಿಗ್ರಿಯಲ್ಲಿ ಇತಿಹಾಸ ಒಂದು ವಿಷಯವಾಗಿ ಇರಲೇಬೇಕು ಎನ್ನುತ್ತಾರೆ.

ಎರಡು, ಕೇಂದ್ರೀಯ ವಿಶ್ವವಿದ್ಯಾಲಯಗಳು. ಕಲಬುರಗಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ, ಹೈದರಾಬಾದ್, ದೆಹಲಿಯ ಜೆಎನ್‌ಯು. ಇವಕ್ಕೆ ಸಿಯುಇಟಿ ಪಿಜಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. 75 ಪ್ರಶ್ನೆ, 300 ಅಂಕ. ಸರಿ ಉತ್ತರಕ್ಕೆ 4, ತಪ್ಪಿಗೆ 1 ಕಳೆಯುತ್ತಾರೆ. ನಮ್ಮ ಹುಡುಗ ಹುಡುಗಿಯರು ಎಡವುವುದು ಪರೀಕ್ಷೆಯಲ್ಲಿ ಅಲ್ಲ, ಕ್ಯಾಲೆಂಡರ್‌ನಲ್ಲಿ. ಪರೀಕ್ಷೆ ಸಾಮಾನ್ಯವಾಗಿ ಮಾರ್ಚ್ ಆಸುಪಾಸಿನಲ್ಲಿ ನಡೆಯುತ್ತದೆ, ಅರ್ಜಿ ಅದಕ್ಕೂ ಮೊದಲೇ ಮುಗಿದಿರುತ್ತದೆ. ಆಗ ನೀವಿನ್ನೂ ಡಿಗ್ರಿಯ ಕೊನೆಯ ಸೆಮಿಸ್ಟರ್‌ನಲ್ಲಿ ಇರುತ್ತೀರಿ. "ರಿಸಲ್ಟ್ ಬರಲಿ, ಆಮೇಲೆ ನೋಡೋಣ" ಎಂದು ಕೂತರೆ ಒಂದು ವರ್ಷ ಹೋಯಿತು. ಕೊನೆಯ ವರ್ಷದವರೂ ಅರ್ಜಿ ಹಾಕಬಹುದು. ದಯವಿಟ್ಟು ಹಾಕಿ.

ಮೂರು, ದೂರಶಿಕ್ಷಣ. ಕೆಲಸದಲ್ಲಿ ಇರುವವರಿಗೆ ಇದೇ ಸರಿ. ಇಗ್ನೋದಲ್ಲಿ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಯಾವ ಡಿಗ್ರಿ ಆದವರೂ ಸೇರಬಹುದು, ಮುಗಿಸಲು ನಾಲ್ಕು ವರ್ಷದವರೆಗೆ ಸಮಯ ಇದೆ. ಆದರೆ ಅಲ್ಲಿ ಮಾಧ್ಯಮ ಇಂಗ್ಲಿಷ್ ಅಥವಾ ಹಿಂದಿ. ಕನ್ನಡದಲ್ಲೇ ಓದಿ ಕನ್ನಡದಲ್ಲೇ ಬರೆಯಬೇಕು ಎಂದರೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ನೋಡಿ.

[ಸ್ಕ್ರೀನ್ ಮೇಲೆ: ಎಲ್ಲ ಸೆಮಿಸ್ಟರ್ ಅಂಕಪಟ್ಟಿ, ಟಿಸಿ, ಬೇರೆ ವಿಶ್ವವಿದ್ಯಾಲಯದಿಂದ ಬಂದರೆ ಮೈಗ್ರೇಶನ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಕಲ್ಯಾಣ ಕರ್ನಾಟಕದವರಿಗೆ 371 ಜೆ ಮೀಸಲಾತಿ ಪ್ರಮಾಣಪತ್ರ]

ದಾಖಲೆಗಳ ಪಟ್ಟಿ ಸ್ಕ್ರೀನ್ ಮೇಲಿದೆ, ವಿಡಿಯೋ ನಿಲ್ಲಿಸಿ ಬರೆದುಕೊಳ್ಳಿ. ಸೀಟು ಸಿಕ್ಕ ಕೂಡಲೇ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿ, ಹಾಸ್ಟೆಲ್ ಅರ್ಜಿಯನ್ನೂ ಆ ವಾರವೇ ಕೊಡಿ.

ಸರಿ. ಈಗ ನನಗೆ ತುಂಬಾ ಇಷ್ಟವಾದ ಭಾಗ.

[ಮತ್ತೆ ಶಾಸನದ ಫೋಟೋ, ಹತ್ತಿರದಿಂದ]

ಹಾಸನ ಜಿಲ್ಲೆ, ಬೇಲೂರು ತಾಲೂಕು, ಹಲ್ಮಿಡಿ. 1936ರಲ್ಲಿ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಈ ಶಾಸನವನ್ನು ಬೆಳಕಿಗೆ ತಂದರು. ಮೇಲೆ ಚಕ್ರದ ಕೆತ್ತನೆ. ಮೊದಲು ಸಂಸ್ಕೃತದಲ್ಲಿ ವಿಷ್ಣುವಿನ ಸ್ತುತಿ, ಆಮೇಲೆ ಕನ್ನಡ. ವಿಷಯ ಇಷ್ಟು: ಕೇಕಯ-ಪಲ್ಲವರ ಮೇಲಿನ ಕಾಳಗದಲ್ಲಿ ಪರಾಕ್ರಮ ತೋರಿದ ವಿಜ ಅರಸ ಎಂಬುವನಿಗೆ ಪಲ್ಮಿಡಿ, ಮೂಳಿವಳ್ಳಿ ಎಂಬ ಎರಡು ಊರುಗಳನ್ನು ಕೊಟ್ಟರು. ಕದಂಬರ ಕಾಕುಸ್ಥನ ಹೆಸರು ಇದೆ. ಆದರೆ ಶಕವರ್ಷ ಇಲ್ಲ.

ಹಾಗಾದರೆ 450 ಎಲ್ಲಿಂದ ಬಂತು?

ನಿಮ್ಮ ಮನೆಯಲ್ಲಿ ಒಂದು ಹಳೇ ಫೋಟೋ ಇದೆ ಎಂದುಕೊಳ್ಳಿ. ಹಿಂದೆ ತಾರೀಕು ಬರೆದಿಲ್ಲ. ಯಾವ ವರ್ಷದ್ದು ಎಂದು ಹೇಗೆ ಕಂಡುಹಿಡಿಯುತ್ತೀರಿ? ಅಜ್ಜಿ ಸೀರೆ ಉಟ್ಟ ರೀತಿ ನೋಡುತ್ತೀರಿ. ಮೂಲೆಯಲ್ಲಿ ರೇಡಿಯೋ ಇದೆಯಾ ಎಂದು ನೋಡುತ್ತೀರಿ. ಆಮೇಲೆ ಅಜ್ಜಿಯ ಮಡಿಲಲ್ಲಿ ಕೂತ ಮಗು ಯಾರು ಎಂದು ಕೇಳುತ್ತೀರಿ. ದೊಡ್ಡಮ್ಮ ಹೇಳುತ್ತಾರೆ, "ಅದು ನಿಮ್ಮ ಚಿಕ್ಕಪ್ಪ." ಸರಿ, ಚಿಕ್ಕಪ್ಪ ಹುಟ್ಟಿದ ವರ್ಷ ಗೊತ್ತು, ಫೋಟೋದ ವರ್ಷವೂ ಸಿಕ್ಕಿತು. ಅಷ್ಟರಲ್ಲಿ ಸೋದರತ್ತೆ ಬಂದು, "ಇಲ್ಲ ಇಲ್ಲ, ಅದು ದೊಡ್ಡವನು. ಇಬ್ಬರೂ ಚಿಕ್ಕವರಿದ್ದಾಗ ಒಂದೇ ಥರ ಕಾಣ್ತಿದ್ರು" ಎನ್ನುತ್ತಾರೆ. ಫೋಟೋ ಹತ್ತು ವರ್ಷ ಹಿಂದೆ ಹೋಯಿತು!

ಹಲ್ಮಿಡಿಯಲ್ಲೂ ಇದೇ ಆಗಿರುವುದು. ಅಕ್ಷರದ ಆಕಾರ ಒಂದು ಸಾಕ್ಷಿ. ಲಿಪಿ ಕಾಲಕಾಲಕ್ಕೆ ಬದಲಾಗುತ್ತದೆ, ಆದರೆ ಅದರಿಂದ ಒಂದು ಅಂದಾಜು ಸಿಗುತ್ತದೆಯೇ ಹೊರತು ಇಂಥದ್ದೇ ವರ್ಷ ಎಂದು ಸಿಗುವುದಿಲ್ಲ. ಭಾಷೆಯ ರೂಪ ಇನ್ನೊಂದು ಸಾಕ್ಷಿ. ಮೂರನೆಯದು ಕಾಕುಸ್ಥನ ಹೆಸರು. ಈತ ಕದಂಬ ದೊರೆ ಕಾಕುಸ್ಥವರ್ಮನೇ ಆದರೆ ಐದನೇ ಶತಮಾನದ ನಡುವಿನ ಕಾಲ ಹೊಂದುತ್ತದೆ. ಆದರೆ ಈ ಕಾಕುಸ್ಥ ಅವನೇನಾ? ಅವನ ಆಳ್ವಿಕೆಯ ವರ್ಷಗಳು ಖಚಿತವಾ? ಇಲ್ಲಿ ವಿದ್ವಾಂಸರು ಒಪ್ಪುವುದಿಲ್ಲ. ಕೆಲವರು 450 ಎಂದರು, ಕೆಲವರು ಅದಕ್ಕಿಂತ ಈಚೆಗೆ ತಂದರು.

ಇನ್ನು "ಮೊದಲ ಶಾಸನ" ಎಂಬ ಮಾತು. ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿ ಪುರಾತತ್ವ ಸರ್ವೇಕ್ಷಣದವರ ಉತ್ಖನನದಲ್ಲಿ ಸಿಂಹಕಟಾಂಜನ ಶಾಸನ ಸಿಕ್ಕಿತು. ಅದು ಸುಮಾರು 370ರದ್ದು, ಹಲ್ಮಿಡಿಗಿಂತ ಹಳೆಯದು ಎಂಬ ವಾದ ಇದೆ. ಅಲ್ಲೂ ಮತ್ತೆ ಅದೇ ಜಗಳ: ಆ ಕಾಲ ನಿರ್ಣಯ ಮಾಡಿದ್ದು ಯಾವ ಆಧಾರದ ಮೇಲೆ?

ಡಿಗ್ರಿಗೂ ಎಂ.ಎ.ಗೂ ಇರುವ ವ್ಯತ್ಯಾಸ ಇದೇ. ಡಿಗ್ರಿಯಲ್ಲಿ 450 ಎಂದು ಬರೆದರೆ ಅಂಕ ಬರುತ್ತದೆ. ಎಂ.ಎ.ನಲ್ಲಿ 450 ಎಂದವರು ಯಾರು, ಯಾವ ಸಾಕ್ಷಿ ಹಿಡಿದು ಹೇಳಿದರು, ಒಪ್ಪದವರ ವಾದ ಏನು, ನಿಮಗೆ ಯಾವುದು ಸರಿ ಕಾಣುತ್ತದೆ ಎಂದು ಬರೆಯಬೇಕು. ಮೊದಲ ವರ್ಷದಲ್ಲೇ ಬರುವ ಹಿಸ್ಟೋರಿಯೋಗ್ರಫಿ (ಇತಿಹಾಸವನ್ನು ಬರೆಯುವ ವಿಧಾನ) ಪೇಪರ್ ಕಲಿಸಬೇಕಾದದ್ದು ಇದನ್ನೇ. ಅದನ್ನು ಕಂಡರೆ ಎಲ್ಲರಿಗೂ ಭಯ. ನೋಟ್ಸ್ ಬಾಯಿಪಾಠ ಮಾಡಿ ಪಾಸಾಗಿ ಕೈತೊಳೆದುಕೊಳ್ಳುತ್ತಾರೆ. ನನಗೆ ನಿಜವಾಗಿ ಬೇಸರ ಆಗುವುದು ಇಲ್ಲೇ. ಇಡೀ ಕೋರ್ಸಿನ ಬೀಗದ ಕೈ ಆ ಪೇಪರ್‌ನಲ್ಲಿದೆ. ಒಂದು ಕೆಲಸ ಮಾಡಿ. ಅಲ್ಲಿ ಬರುವ ಪ್ರತಿಯೊಂದು ಸಿದ್ಧಾಂತವನ್ನೂ ನಿಮಗೆ ಗೊತ್ತಿರುವ ಒಂದು ಕಲ್ಲಿಗೆ, ಒಂದು ಊರಿಗೆ ಹಚ್ಚಿ ನೋಡಿ. ತನ್ನಷ್ಟಕ್ಕೆ ಅರ್ಥವಾಗುತ್ತಾ ಹೋಗುತ್ತದೆ.

ಈಗ ಡಿಸರ್ಟೇಶನ್, ಅಂದರೆ ನೀವೇ ಸಂಶೋಧನೆ ಮಾಡಿ ಬರೆಯುವ ಪ್ರಬಂಧ. ಬಹಳ ಕಡೆ ಕೊನೆಯ ಸೆಮಿಸ್ಟರ್‌ನಲ್ಲಿ ಇರುತ್ತದೆ. ಆದರೆ ವಿಷಯವನ್ನು ಮೊದಲ ವರ್ಷದ ರಜೆಯಲ್ಲೇ ಹುಡುಕಲು ಶುರು ಮಾಡಿ. "ವಿಜಯನಗರದ ಆಡಳಿತ" ಎಂದು ವಿಷಯ ತೆಗೆದುಕೊಂಡರೆ ಇನ್ನೊಬ್ಬರ ನಾಲ್ಕು ಪುಸ್ತಕ ಸೇರಿಸಿ ಐದನೆಯದು ಮಾಡುತ್ತೀರಿ, ಅಷ್ಟೇ. ನಿಮ್ಮ ತಾಲೂಕಿನ ಕೆರೆ ಶಾಸನಗಳು ಎಂದು ತೆಗೆದುಕೊಳ್ಳಿ. ಇಲ್ಲವೇ ವೀರಗಲ್ಲುಗಳು. ಆಗ ಹೊಸದೇನಾದರೂ ಹೇಳಲು ಜಾಗ ಇರುತ್ತದೆ.

"ನಮ್ಮ ತಾಲೂಕಿನಲ್ಲಿ ಏನಿದೆ ಸಾರ್?" ಎಂದು ಕೇಳುತ್ತೀರಿ. ಹಳೇ ಮೈಸೂರು ಭಾಗದವರಿಗೆ ಈ ಪ್ರಶ್ನೆಗೆ ಉತ್ತರ ನೂರು ವರ್ಷ ಹಿಂದೆಯೇ ಸಿದ್ಧವಾಗಿದೆ. ಶಾಸನತಜ್ಞ ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ ಹನ್ನೆರಡು ಸಂಪುಟಗಳನ್ನು ತಂದರು. 1886ರಲ್ಲಿ ಕೊಡಗಿನಿಂದ ಶುರು. ಎಲ್ಲ ಸೇರಿ ಸುಮಾರು 9,000 ಶಾಸನಗಳು. ಜೋಡಿಸಿರುವುದು ಜಿಲ್ಲೆ, ತಾಲೂಕು, ಊರು ಎಂಬ ಕ್ರಮದಲ್ಲಿ. ಐದನೇ ಸಂಪುಟ ಹಾಸನ, ಒಂಬತ್ತು ಬೆಂಗಳೂರು, ಹತ್ತು ಕೋಲಾರ, ಹನ್ನೆರಡು ತುಮಕೂರು. ಶಾಸನದ ಪಾಠ ಕನ್ನಡ ಲಿಪಿಯಲ್ಲೇ ಇದೆ, ಜೊತೆಗೆ ಇಂಗ್ಲಿಷ್ ಅನುವಾದ. ನಿಮ್ಮ ತಾಲೂಕಿನ ಪುಟ ತೆಗೆದರೆ ಹೊಲದ ಬದುವಿನ ಕಲ್ಲು, ಈಶ್ವರ ದೇವಸ್ಥಾನದ ಎಡಗಡೆಯ ಕಲ್ಲು ಎಂದೆಲ್ಲ ಜಾಗದ ಸಮೇತ ಸಿಗುತ್ತದೆ. ಮೈಸೂರು ವಿಶ್ವವಿದ್ಯಾಲಯ ಇದರ ಪರಿಷ್ಕೃತ ಸಂಪುಟಗಳನ್ನೂ ತಂದಿದೆ. ಆ ಪಟ್ಟಿ ಹಿಡಿದು ಊರೂರಿಗೆ ಹೋಗಿ ಯಾವ ಕಲ್ಲು ಇದೆ, ಯಾವುದು ಹೋಗಿದೆ ಎಂದು ನೋಡಿ ಬರೆದರೂ ಅದು ಒಳ್ಳೆಯ ಡಿಸರ್ಟೇಶನ್. ರಸ್ತೆ ಅಗಲ ಮಾಡುವಾಗ, ಲೇಔಟ್ ಮಾಡುವಾಗ ಎಷ್ಟೋ ಕಲ್ಲು ಮಣ್ಣಿನಡಿ ಹೋಗಿವೆ. ಇದನ್ನು ಯಾರಾದರೂ ಈಗಲೇ ಬರೆದಿಡಬೇಕು.

ಉತ್ತರ ಕರ್ನಾಟಕದವರಿಗೆ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್ ಸರಣಿಯಲ್ಲಿ ಬಾಂಬೆ ಕರ್ನಾಟಕದ ಸಂಪುಟಗಳಿವೆ. ಹನ್ನೊಂದನೆಯದರಿಂದ ಶುರು ಮಾಡಿ.

ಆಧುನಿಕ ಕಾಲ ಇಷ್ಟವಾದರೆ ಬೆಂಗಳೂರಿನ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋಗಿ. ಮೈಸೂರು, ಧಾರವಾಡದಲ್ಲೂ ಅದರ ಕಚೇರಿಗಳಿವೆ. ವಿಭಾಗದಿಂದ ಪತ್ರ ಮಾಡಿಸಿಕೊಂಡು ಹೋದರೆ ಕೆಲಸ ಸಲೀಸು. ಮೊದಲ ದಿನವೇ ಕಡತ ತೆರೆದು ಕೂರಬೇಡಿ. ಸೂಚಿ ಕೇಳಿ, ಕಡತದ ಸಂಖ್ಯೆ, ವರ್ಷ ಬರೆದುಕೊಳ್ಳಿ. ಅಡಿಟಿಪ್ಪಣಿ ಬರೆಯುವಾಗ ಅದೇ ಬೇಕಾಗುವುದು.

ಇನ್ನೊಂದು ಮಾತು: ನಿಮಗೆ ಓದಲು ಬರುವ ಆಕರದ ಮೇಲೆ ವಿಷಯ ಆರಿಸಿ. ಪೇಶ್ವೆ ಕಾಲದ ಧಾರವಾಡ, ಬೆಳಗಾವಿ ಎಂದರೆ ಮರಾಠಿ ದಾಖಲೆಗಳನ್ನು ಬರೆಯುತ್ತಿದ್ದ ಮೋಡಿ ಲಿಪಿ ಬೇಕು. ಆದಿಲ್‌ಶಾಹಿ ಎಂದರೆ ಪರ್ಷಿಯನ್. ಹಳಗನ್ನಡ ಕಲಿಯಲು ನಮಗೆ ಅಷ್ಟು ಕಷ್ಟ ಇಲ್ಲ. ಕನ್ನಡ ಮಾಧ್ಯಮದಿಂದ ಬಂದವರು ತಮ್ಮನ್ನು ಕಡಿಮೆ ಎಂದುಕೊಳ್ಳುತ್ತಾರೆ. ಹಾಗೆ ಎಂದುಕೊಳ್ಳಬೇಡಿ. ಇಂಗ್ಲಿಷ್ ಪುಸ್ತಕ ಓದಲೇಬೇಕು, ನಿಜ. ಆದರೆ ಶಾಸನ ಓದುವ ಹೊತ್ತಿಗೆ ಕನ್ನಡ ಗಟ್ಟಿ ಇರುವವರೇ ಮುಂದೆ ಇರುತ್ತಾರೆ. ಕರ್ನಾಟಕ ಇತಿಹಾಸ ಅಕಾಡೆಮಿಯ ವಾರ್ಷಿಕ ಸಮ್ಮೇಳನದಲ್ಲಿ ಕನ್ನಡದಲ್ಲೇ ಪ್ರಬಂಧ ಓದುತ್ತಾರೆ. ಒಮ್ಮೆ ಹೋಗಿ ಕೂತು ಕೇಳಿ.

ಸಮಯ ಆಗುತ್ತಾ ಬಂತು, ಉಳಿದದ್ದು ಬೇಗ ಹೇಳುತ್ತೇನೆ.

55 ಪರ್ಸೆಂಟ್. ಈ ಸಂಖ್ಯೆ ಮೊದಲ ಸೆಮಿಸ್ಟರ್‌ನಿಂದಲೇ ತಲೆಯಲ್ಲಿ ಇರಲಿ. ಕಾಲೇಜು ಅಧ್ಯಾಪಕರಾಗಲು ಬರೆಯುವ ಅರ್ಹತಾ ಪರೀಕ್ಷೆಗಳಾದ ಯುಜಿಸಿ ನೆಟ್, ಕೆ-ಸೆಟ್ ಎರಡಕ್ಕೂ ಸಾಮಾನ್ಯ ವರ್ಗಕ್ಕೆ ಎಂ.ಎ.ನಲ್ಲಿ ಅಷ್ಟು ಬೇಕು, ಮೀಸಲಾತಿ ಇರುವವರಿಗೆ 50. ಒಂದು ಪರ್ಸೆಂಟ್‌ನಲ್ಲಿ ಬಾಗಿಲು ಮುಚ್ಚಿಕೊಳ್ಳಬಾರದು. ಎಂ.ಎ. ಕೊನೆಯ ವರ್ಷದಲ್ಲೇ ನೆಟ್ ಬರೆಯಬಹುದು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದು ಪ್ರಶ್ನೆಯನ್ನೂ ಬಿಡಬೇಡಿ. ಜೆಆರ್‌ಎಫ್ (ನೆಟ್ ಮೂಲಕ ಸಿಗುವ ಸಂಶೋಧನಾ ವೇತನ) ಸಿಕ್ಕರೆ ಪಿಎಚ್.ಡಿಗೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಪಿಯು ಉಪನ್ಯಾಸಕರಾಗಬೇಕು ಎಂದರೆ ಎಂ.ಎ. ಜೊತೆಗೆ ಬಿ.ಎಡ್ ಕೂಡ ಬೇಕು, ಅದನ್ನು ಈಗಲೇ ಲೆಕ್ಕಕ್ಕೆ ಇಟ್ಟುಕೊಳ್ಳಿ. ಕಾಲೇಜು ಕೆಲಸ ಬೇಗ ಸಿಗುತ್ತದೆ ಎಂದು ನಾನು ಹೇಳುವುದಿಲ್ಲ. ನೇಮಕಾತಿ ವರ್ಷಗಟ್ಟಲೆ ತಡ ಆಗುತ್ತದೆ, ಅಲ್ಲಿಯವರೆಗೆ ಎಷ್ಟೋ ಒಳ್ಳೆಯ ಮೇಷ್ಟ್ರುಗಳು ಅತಿಥಿ ಉಪನ್ಯಾಸಕರಾಗಿಯೇ ದುಡಿಯುತ್ತಿದ್ದಾರೆ. ಇದು ಅನ್ಯಾಯ. ಸೇರುವ ಮೊದಲು ಈ ವಿಷಯ ಮನೆಯಲ್ಲೂ ಮಾತಾಡಿಕೊಳ್ಳಿ.

ನೆಟ್, ಕೆ-ಸೆಟ್ ಪಠ್ಯಕ್ರಮದ ಮೇಲೆ ಮುಂದಿನ ವಿಡಿಯೋ ಬರುತ್ತದೆ. ಅಷ್ಟರಲ್ಲಿ ನಿಮ್ಮ ತಾಲೂಕಿನ ಹೆಸರನ್ನು ಕೆಳಗೆ ಬರೆಯಿರಿ. ಅದರ ಶಾಸನಗಳು ಯಾವ ಸಂಪುಟದಲ್ಲಿವೆ ಎಂದು ನೋಡಿ ಒಬ್ಬೊಬ್ಬರಿಗೂ ಉತ್ತರ ಕೊಡುತ್ತೇನೆ.