ಹೇಳದೆ ಕೇಳದೆ ಬಂದ ಬೋವಿ

ಈ ಎಲ್‌ಪಿ ಕವರ್ ಸ್ವಲ್ಪ ಹತ್ತಿರದಿಂದ ನೋಡಿ. ಇದು ಬ್ರಿಟನ್ನಿನ ರಾಕ್ ಗಾಯಕ ಡೇವಿಡ್ ಬೋವಿಯವರ 1977ರ ‘ಹೀರೋಸ್’ ಆಲ್ಬಂನ ಫೋಟೋ, ಜಪಾನಿನ ಮಸಯೋಶಿ ಸುಕಿತಾ ತೆಗೆದದ್ದು. ಆದರೆ ಮುಖದ ಮೇಲೇ ಒಂದು ಬಿಳಿ ಚೌಕ ಕೂತಿದೆ. ಹಳೆಯ ಹೆಸರನ್ನು ಕಪ್ಪು ಗೆರೆ ಎಳೆದು ಹೊಡೆದುಹಾಕಿದ್ದಾರೆ. ಚೌಕದೊಳಗೆ ಅವರ ಹೊಸ ಆಲ್ಬಂನ ಹೆಸರು, ‘ದ ನೆಕ್ಸ್ಟ್ ಡೇ’. 2013ರಲ್ಲಿ ಇದನ್ನು ನೋಡಿ ಮೂಗು ಮುರಿದವರಿದ್ದಾರೆ. ನನಗಂತೂ ತುಂಬಾ ಇಷ್ಟ. ಹಳೆಯ ಹೆಸರನ್ನು ಮಾರಿಕೊಂಡು ತಿನ್ನುವುದಿಲ್ಲ ಅಂತ ಇನ್ನು ಹೇಗೆ ಹೇಳಬೇಕು, ಅಲ್ವಾ?

ಅದಕ್ಕೂ ಹಿಂದಿನ ಆಲ್ಬಂ ‘ರಿಯಾಲಿಟಿ’ ಬಂದದ್ದು 2003ರಲ್ಲಿ. ಮರುವರ್ಷ ಜೂನ್‌ನಲ್ಲಿ ಜರ್ಮನಿಯ ಒಂದು ಸಂಗೀತೋತ್ಸವದಲ್ಲಿ ಹಾಡಿದ ಮೇಲೆ ಬೋವಿ ಆಸ್ಪತ್ರೆ ಸೇರಿದರು. ಹೃದಯದ ರಕ್ತನಾಳ ಕಟ್ಟಿಕೊಂಡಿತ್ತು. ಆಂಜಿಯೋಪ್ಲಾಸ್ಟಿ ಆಯಿತು, ಟೂರ್ ಅಲ್ಲಿಗೇ ನಿಂತಿತು. 2006ರ ನಂತರ ವೇದಿಕೆ ಮೇಲೆ ಹಾಡಲೇ ಇಲ್ಲ. ಇನ್ನು ಮುಗಿಯಿತು ಅಂತ ಅಭಿಮಾನಿಗಳೇ ಕೈಬಿಟ್ಟಿದ್ದರು.

ಆಮೇಲೆ 2013ರ ಜನವರಿ 8. ಅವರ 66ನೇ ಹುಟ್ಟುಹಬ್ಬ. ಜಾಹೀರಾತಿಲ್ಲ, ಸುಳಿವಿಲ್ಲ, ಸೀದಾ ಒಂದು ಹೊಸ ಹಾಡು ಆನ್‌ಲೈನ್‌ಗೆ ಬಂದುಬಿಟ್ಟಿತು! ಆಲ್ಬಂ ಬಂದದ್ದು ಮಾರ್ಚ್‌ನಲ್ಲಿ. ನ್ಯೂಯಾರ್ಕಿನ ಮ್ಯಾಜಿಕ್ ಶಾಪ್ ಸ್ಟುಡಿಯೋದಲ್ಲಿ ಬಿಟ್ಟು ಬಿಟ್ಟು ಸುಮಾರು ಎರಡು ವರ್ಷ ಕೆಲಸ ನಡೆದಿತ್ತು. ನುಡಿಸಲು ಬಂದವರೆಲ್ಲ ಬಾಯಿ ಬಿಡುವುದಿಲ್ಲ ಅಂತ ಸಹಿ ಹಾಕಿದ್ದರು. ಪ್ರೊಡ್ಯೂಸರ್ ಟೋನಿ ವಿಸ್ಕಾಂಟಿ ಹೆಡ್‌ಫೋನ್‌ನಲ್ಲಿ ಈ ಹಾಡುಗಳನ್ನೇ ಕೇಳುತ್ತಾ ಬೀದಿಯಲ್ಲಿ ನಡೆಯುವಾಗ, ಎದುರಿಗೆ ಬೋವಿ ಟೀ ಶರ್ಟ್ ಹಾಕಿದವರು ಸಿಗುತ್ತಿದ್ದರಂತೆ. ಒಂದು ಮಾತು ಹೇಳಿಬಿಡಬೇಕು ಅಂತ ಎಷ್ಟು ಅನಿಸಿರಬೇಕು!

ಆ ಮೊದಲ ಹಾಡು, ‘ವೇರ್ ಆರ್ ವಿ ನೌ?’, ಬರ್ಲಿನ್ ನೆನಪಿನದು. 70ರ ದಶಕದಲ್ಲಿ ಬೋವಿ ಅಲ್ಲೇ ಇದ್ದರು, ನಗರದ ನಡುವೆ ಗೋಡೆ ಇದ್ದ ಕಾಲ. ಹಾಡಿನಲ್ಲಿ ಪಾಟ್ಸ್‌ಡಾಮರ್ ಪ್ಲಾಟ್ಜ್ ಚೌಕ ಬರುತ್ತದೆ, ಬೋಸೆಬ್ರುಕೆ ಸೇತುವೆ ಬರುತ್ತದೆ. ಗೋಡೆ ತೆರೆದ 1989ರ ನವೆಂಬರ್ 9ರ ರಾತ್ರಿ ಪೂರ್ವ ಬರ್ಲಿನ್ನಿನ ಜನ ಪಶ್ಚಿಮಕ್ಕೆ ನುಗ್ಗಿ ಬಂದರಲ್ಲ, ಅದೇ ಸೇತುವೆ. ಬೋವಿಯವರ ದನಿ ಇಲ್ಲಿ ತೆಳ್ಳಗಿದೆ, ಕೆಲವು ಕಡೆ ಸಣ್ಣಗೆ ನಡುಗುತ್ತದೆ. ಆ ನಡುಕವನ್ನು ಅಳಿಸಿ ನುಣುಪು ಮಾಡಲು ಹೋಗಿಲ್ಲ. ನನಗೆ ಅದರಲ್ಲೇ ಜಾಸ್ತಿ ನಂಬಿಕೆ. ವಯಸ್ಸಾದ ಗಾಯಕ ಸುಮ್ನೆ ಇಪ್ಪತ್ತೈದರ ಹುಡುಗನಂತೆ ಹಾಡಲು ಹೋದರೆ ಕೇಳಲು ಕಷ್ಟ.

ಹಾಗಂತ ಇಡೀ ಆಲ್ಬಂ ಇಷ್ಟು ಮೆತ್ತಗಿಲ್ಲ. ಶೀರ್ಷಿಕೆ ಹಾಡಿನಲ್ಲಿ ಗಿಟಾರ್ ಅಬ್ಬರಿಸುತ್ತದೆ, ಬೋವಿ ಕೂಗಿ ಕೂಗಿ ಹಾಡುತ್ತಾರೆ. ಪ್ರಚಾರಕ್ಕೆ ಒಂದೂ ಸಂದರ್ಶನ ಕೊಡಲಿಲ್ಲ, ಟೂರ್ ಮಾಡಲಿಲ್ಲ. ಆದರೂ ಬ್ರಿಟನ್ನಿನಲ್ಲಿ ಆಲ್ಬಂ ನಂಬರ್ ಒನ್ ಆಯಿತು. 1993ರ ನಂತರ ಅವರಿಗೆ ಆ ಜಾಗ ಸಿಕ್ಕಿದ್ದು ಆಗಲೇ.

ನೀವು ಇನ್ನೂ ಕೇಳಿಲ್ಲ ಅಂದರೆ ಐದನೇ ಹಾಡನ್ನು ಮೊದಲು ಹಾಕಿ. ಬರ್ಲಿನ್ ಹಾಡು ಅದೇ. ಮುಗಿದ ಮೇಲೆ ಹಿಂದಕ್ಕೆ ಹೋಗಿ ಒಂದರಿಂದ ಶುರು ಮಾಡಿ, ವಾಲ್ಯೂಮ್ ಜಾಸ್ತಿ ಇಟ್ಟುಕೊಂಡು.