ಗಂಟೆಯ ಹಗ್ಗ ಹಿಡಿದವರು

ಕೇಳುಗರಿಗೆ ನಮಸ್ಕಾರ.

ಇಂಗ್ಲೆಂಡಿನ ಹಳ್ಳಿಯಲ್ಲಿ ಭಾನುವಾರ ಬೆಳಿಗ್ಗೆ ಚರ್ಚಿನಿಂದ ಕೇಳಿಬರುವುದು ಸಾಮಾನ್ಯವಾಗಿ ಒಂದೇ ಗಂಟೆಯ ದನಿಯಲ್ಲ. ಆರೋ ಎಂಟೋ ಗಂಟೆಗಳು ಒಂದರ ಹಿಂದೊಂದು, ಮೆಟ್ಟಿಲು ಇಳಿದ ಹಾಗೆ, ಸಣ್ಣ ದನಿಯಿಂದ ದಪ್ಪ ದನಿಗೆ ಇಳಿಯುತ್ತವೆ. ಸ್ವಲ್ಪ ಹೊತ್ತಿಗೆ ಆ ಸಾಲು ಕಲಸಿಹೋಗುತ್ತದೆ. ಎರಡನೆಯದು ಮುಂದೆ ಬರುತ್ತದೆ, ಮೂರನೆಯದು ಹಿಂದೆ ಸರಿಯುತ್ತದೆ. ಮೊದಲ ಸಲ ಕೇಳಿದಾಗ ಯಾರೋ ಲೆಕ್ಕ ತಪ್ಪಿದರು ಅಂದುಕೊಂಡೆ. ಯಾರೂ ತಪ್ಪಿರಲಿಲ್ಲ. ಕೊನೆಗೆ ಎಲ್ಲವೂ ತಮ್ಮ ತಮ್ಮ ಜಾಗಕ್ಕೆ ಬಂದು ನಿಂತವು.

ಆ ಗೋಪುರದ ಒಳಗೆ ಏನು ನಡೆಯುತ್ತದೆ ಅಂತ ನೋಡುವ ಆಸೆ ನನಗೆ ಬಹಳ ಇತ್ತು. ಸಫೋಕ್ ಜಿಲ್ಲೆಯ ಒಂದು ಪುಟ್ಟ ಊರಿನಲ್ಲಿ ಆ ಅವಕಾಶ ಸಿಕ್ಕಿತು. ಅಲ್ಲಿ ವಾರಕ್ಕೊಂದು ಸಂಜೆ ಅಭ್ಯಾಸ. ಕಲ್ಲಿನ ಸುರುಳಿ ಮೆಟ್ಟಿಲು, ಹಿಡಿದುಕೊಳ್ಳಲು ಒಂದು ಹಗ್ಗ, ಮೇಲೆ ಸಣ್ಣ ಕೋಣೆ. ಸೂರಿನ ತೂತುಗಳಿಂದ ಆರು ಹಗ್ಗಗಳು ಕೆಳಗೆ ಇಳಿಬಿದ್ದಿದ್ದವು. ಪ್ರತಿ ಹಗ್ಗದಲ್ಲೂ ಕೈ ಹಿಡಿಯುವ ಕಡೆ ಬಣ್ಣದ ಉಣ್ಣೆ ದಪ್ಪಗೆ ಹೆಣೆದಿತ್ತು. ಅದಕ್ಕೆ ಅವರು ಸ್ಯಾಲಿ ಅಂತಾರೆ. ಅಷ್ಟೊಂದು ಕೈ ಸವರಿ ಸವರಿ ಆ ಉಣ್ಣೆ ಬೆಕ್ಕಿನ ಮೈಯ ಹಾಗೆ ನುಣುಪಾಗಿತ್ತು.

ನಮ್ಮ ದೇವಸ್ಥಾನದ ಗಂಟೆ ನಿಂತಲ್ಲೇ ತೂಗುತ್ತದೆ ಅಲ್ವಾ? ಇಲ್ಲಿ ಹಾಗಲ್ಲ. ಬಾರಿಸುವ ಮೊದಲು ಗಂಟೆಯನ್ನು ತೂಗಿ ತೂಗಿ ಬಾಯಿ ಮೇಲಾಗಿ ನಿಲ್ಲಿಸುತ್ತಾರೆ. ಹಗ್ಗ ಎಳೆದರೆ ಅದು ಒಂದು ಪೂರ್ತಿ ಸುತ್ತು ಉರುಳಿ ಮತ್ತೆ ಬಾಯಿ ಮೇಲೆ ಮಾಡಿ ನಿಲ್ಲುತ್ತದೆ. ಇನ್ನೊಮ್ಮೆ ಎಳೆದರೆ ವಾಪಸ್ ಉರುಳುತ್ತದೆ. ನೂರಾರು ಕಿಲೋ ತೂಕದ ಕಂಚು ಹೀಗೆ ಸುತ್ತುವಾಗ ಅದನ್ನು ಅವಸರಪಡಿಸಲು ಆಗುವುದಿಲ್ಲ. ಸ್ವಲ್ಪ ತಡೆಯಬಹುದು, ಸ್ವಲ್ಪ ಬೇಗ ಬಿಡಬಹುದು, ಅಷ್ಟೇ. ಆದ್ದರಿಂದಲೇ ಇದರಲ್ಲಿ ಹಾಡು ನುಡಿಸಲು ಬರುವುದಿಲ್ಲ. ಒಂದು ಸುತ್ತಿನಲ್ಲಿ ಒಂದು ಗಂಟೆ ಪಕ್ಕದ ಗಂಟೆಯ ಜೊತೆ ಜಾಗ ಬದಲಿಸಬಹುದು, ಅದಕ್ಕಿಂತ ದೂರ ಹೋಗಲಾರದು. ಈ ಕಟ್ಟುಪಾಡಿನಿಂದಲೇ ಹದಿನೇಳನೇ ಶತಮಾನದಲ್ಲಿ, ಗಂಟೆಗಳ ಸಾಲನ್ನು ಬದಲಿಸುತ್ತ ಬಾರಿಸುವ ಒಂದು ಹೊಸ ಕಲೆ ಬೆಳೆಯಿತು. ಮೂರು ಗಂಟೆ ಇದ್ದರೆ 6 ಬಗೆಯ ಸಾಲು. ಆರು ಇದ್ದರೆ 720. ಏಳಕ್ಕೆ 5,040. ಯಾವ ಸಾಲೂ ಎರಡನೇ ಸಲ ಬರದ ಹಾಗೆ ಆ 5,040 ಸಾಲನ್ನೂ ಬಾರಿಸಲು ಸುಮಾರು ಮೂರು ತಾಸು ಬೇಕು. ಯಾರ ಕೈಯಲ್ಲೂ ಚೀಟಿ ಇರುವುದಿಲ್ಲ. ಎಲ್ಲ ತಲೆಯಲ್ಲಿ. ಎಂಟು ಗಂಟೆಗಳಿದ್ದರೆ 40,320 ಸಾಲು. 1963ರ ಜುಲೈಯಲ್ಲಿ ಲಫ್‌ಬರೋ ಊರಿನ ಗಂಟೆ ಎರಕದ ಕಾರ್ಖಾನೆಯಲ್ಲಿ ಎಂಟು ಜನ ಅದನ್ನೂ ಮುಗಿಸಿದರು, ಹೆಚ್ಚುಕಡಿಮೆ ಹದಿನೆಂಟು ತಾಸು ಕೈ ಬದಲಿಸದೆ.

ನನ್ನ ಮನಸ್ಸು ನಿಂತಿದ್ದು ಮಾತ್ರ ಸಫೋಕಿನ ಆ ಕೋಣೆಯಲ್ಲಿ ಹಗ್ಗ ಹಿಡಿದಿದ್ದ ಆರು ಜನರ ಮೇಲೆ. ಒಬ್ಬರು ರೈತರು, ಒಬ್ಬರು ನಿವೃತ್ತ ಟೀಚರು, ಒಬ್ಬ ಕರೆಂಟಿನ ಕೆಲಸದವನು. ಅವರಲ್ಲಿ ಇಬ್ಬರು ಭಾನುವಾರ ಗಂಟೆ ಬಾರಿಸಿ, ಪ್ರಾರ್ಥನೆ ಶುರುವಾಗುವ ಹೊತ್ತಿಗೆ ಮನೆಗೆ ಹೋಗುವವರು. ದೇವರಲ್ಲಿ ಅಷ್ಟು ನಂಬಿಕೆ ಇಲ್ಲ ಅಂತ ನೇರವಾಗಿಯೇ ಹೇಳಿದರು. ಅದಕ್ಕೆ ಯಾರಿಗೂ ಬೇಸರವಿಲ್ಲ. ಇದು ನನಗೆ ತುಂಬ ಹಿಡಿಸಿತು.

ಇದು ಅರ್ಥವಾಗಬೇಕಾದರೆ ಪ್ಯಾರಿಷ್ ಅನ್ನುವ ಮಾತು ತಿಳಿಯಬೇಕು. ಅಲ್ಲಿ ಪ್ಯಾರಿಷ್ ಅಂದರೆ ನೆಲದ ಲೆಕ್ಕ, ಊರ ಎಲ್ಲೆ. ಆ ಎಲ್ಲೆಯೊಳಗೆ ಇರುವವರೆಲ್ಲ ಅದಕ್ಕೆ ಸೇರಿದವರು, ಚರ್ಚಿಗೆ ಬರಲಿ ಬಿಡಲಿ. ಚರ್ಚಿನ ಸ್ಮಶಾನದಲ್ಲಿ ಜಾಗ ಇರುವ ತನಕ ಆ ಎಲ್ಲೆಯೊಳಗೆ ವಾಸವಿರುವ ಯಾರಿಗಾದರೂ ಅಲ್ಲೇ ಮಣ್ಣಾಗುವ ಹಕ್ಕಿದೆ. ಚರ್ಚಿನ ಆಡಳಿತ ನೋಡಿಕೊಳ್ಳಲು ಚರ್ಚ್‌ವಾರ್ಡನ್ ಅಂತ ವರ್ಷವರ್ಷ ಆರಿಸುತ್ತಾರೆ, ಆ ಸಭೆಯಲ್ಲಿ ಊರಿನ ಮತದಾರರ ಪಟ್ಟಿಯಲ್ಲಿ ಇರುವವರೂ ಕೈ ಎತ್ತಬಹುದು. ಸೂರು ಸೋರಿದರೆ ದುಡ್ಡು ಹೊಂದಿಸುವುದೂ ಬಹುಮಟ್ಟಿಗೆ ಊರವರೇ. ಕೇಕ್ ಮಾಡಿ ಮಾರುತ್ತಾರೆ, ಬೇಸಿಗೆಯಲ್ಲಿ ಸಣ್ಣ ಜಾತ್ರೆ ನಡೆಸುತ್ತಾರೆ, ಸುಗ್ಗಿ ಊಟ ಹಾಕುತ್ತಾರೆ.

ಗಂಟೆಯೂ ಹಾಗೆಯೇ ಊರ ಸ್ವತ್ತು. ಹಿಂದೆ ಯಾರಾದರೂ ತೀರಿಕೊಂಡರೆ ದೊಡ್ಡ ಗಂಟೆ ಸುದ್ದಿ ಹೇಳುತ್ತಿತ್ತು. ಎಷ್ಟೋ ಹಳ್ಳಿಗಳಲ್ಲಿ ಗಂಡಸಾದರೆ ಮೂರು ಸಲ ಮೂರು ಪೆಟ್ಟು, ಹೆಂಗಸಾದರೆ ಮೂರು ಸಲ ಎರಡು. ಆಮೇಲೆ ವಯಸ್ಸಿನಷ್ಟು ಪೆಟ್ಟು. ಹೊಲದಲ್ಲಿದ್ದವರು ಕೆಲಸ ನಿಲ್ಲಿಸಿ ಎಣಿಸುತ್ತಿದ್ದರು. ಎಪ್ಪತ್ತೊಂದು, ಎಪ್ಪತ್ತೆರಡು... ಅಲ್ಲಿಗೆ ನಿಂತರೆ ಹೋದವರು ಯಾರು ಅಂತ ಗೊತ್ತಾಗುತ್ತಿತ್ತು. ಹೆಸರು ಹೇಳಬೇಕಾಗಿರಲಿಲ್ಲ.

1940ರ ಜೂನ್‌ನಲ್ಲಿ ದೇಶದ ಚರ್ಚುಗಂಟೆಗಳೆಲ್ಲ ಸುಮ್ಮನಾದವು. ಜರ್ಮನ್ ಸೈನಿಕರು ಬಂದು ಇಳಿದರೆ ಮಾತ್ರ ಬಾರಿಸಬೇಕು ಅಂತ ಸರ್ಕಾರದ ಆಜ್ಞೆ. ಎರಡು ವರ್ಷಕ್ಕೂ ಜಾಸ್ತಿ ಕಾಲ ಹಳ್ಳಿಗಳು ಭಾನುವಾರದ ಸದ್ದಿಲ್ಲದೆ ಕಳೆದವು. ಈಜಿಪ್ಟಿನ ಎಲ್ ಅಲಮೀನ್ ಯುದ್ಧ ಗೆದ್ದ ಸಂತೋಷಕ್ಕೆ 1942ರ ನವೆಂಬರ್ 15ರಂದು ಮತ್ತೆ ಬಾರಿಸಿದರು. ಬೀದಿಯಲ್ಲಿ ನಿಂತು ಕೇಳಿದವರಿಗೆ ಹೇಗಾಗಿರಬೇಕು ಅಂತ ಎಷ್ಟೋ ಸಲ ಯೋಚಿಸಿದ್ದೇನೆ.

ಸಫೋಕ್‌ನಲ್ಲೇ ಲ್ಯಾವೆನಮ್ ಅಂತ ಒಂದು ಊರಿದೆ. ಉಣ್ಣೆ ಬಟ್ಟೆಯ ವ್ಯಾಪಾರದಿಂದ ಒಂದು ಕಾಲಕ್ಕೆ ಬಹಳ ಶ್ರೀಮಂತವಾಗಿದ್ದ ಊರು. ಅಲ್ಲಿನ ಚರ್ಚಿನ ಎತ್ತರದ ಗೋಪುರ ಆ ಬಟ್ಟೆಯ ದುಡ್ಡಿನಿಂದಲೇ ಎದ್ದದ್ದು. ಅದರಲ್ಲಿರುವ ದೊಡ್ಡ ಗಂಟೆ ಸುಮಾರು ಒಂದು ಟನ್ ತೂಗುತ್ತದೆ. ಮೈಲ್ಸ್ ಗ್ರೇ ಎಂಬ ಎರಕದವನು ಅದನ್ನು ಎರೆದದ್ದು 1625ರಲ್ಲಿ. ಅಷ್ಟು ಇಂಪಾದ ಗಂಟೆ ಇಂಗ್ಲೆಂಡಿನಲ್ಲೇ ಇಲ್ಲ ಅಂತ ಹೇಳುವವರಿದ್ದಾರೆ. ಉಣ್ಣೆಯ ವ್ಯಾಪಾರ ಹೋಯಿತು, ಶ್ರೀಮಂತರು ಹೋದರು. ಗಂಟೆ ಇದೆ, ಅದರ ಹುಟ್ಟುಹಬ್ಬವನ್ನು ಊರು ಆಚರಿಸುತ್ತದೆ.

ಇಂಗ್ಲೆಂಡಿನಲ್ಲಿ ಹೀಗೆ ಬಾರಿಸುವ ಗೋಪುರಗಳು ಐದು ಸಾವಿರಕ್ಕೂ ಜಾಸ್ತಿ. ಹಗ್ಗ ಹಿಡಿಯುವ ಕೈಗಳು ಮಾತ್ರ ಸಾಲವು. ಈಗ ಒಬ್ಬರೇ ಪಾದ್ರಿ ಐದಾರು ಹಳ್ಳಿ ನೋಡಿಕೊಳ್ಳುವುದು ಮಾಮೂಲಾಗಿದೆ. ಪಾದ್ರಿ ಬರದ ಭಾನುವಾರವೂ ಗಂಟೆ ಬಾರಿಸಬೇಕಾದರೆ ಊರಿನವರೇ ಮೆಟ್ಟಿಲು ಹತ್ತಬೇಕು. ಮೊದಲ ಮಹಾಯುದ್ಧದಲ್ಲಿ ಕನಿಷ್ಠ 1,400 ಮಂದಿ ಗಂಟೆ ಬಾರಿಸುವವರು ಸತ್ತಿದ್ದರು. ಆ ಯುದ್ಧ ಮುಗಿದು ನೂರು ವರ್ಷವಾದಾಗ, 2018ರಲ್ಲಿ, ಒಬ್ಬೊಬ್ಬರ ಜಾಗಕ್ಕೂ ಒಬ್ಬ ಹೊಸಬರನ್ನು ಕಲಿಸೋಣ ಅಂತ ದೇಶದ ತುಂಬ ಕರೆ ಕೊಟ್ಟರು. ಸ್ಮಾರಕಕ್ಕೆ ಇದಕ್ಕಿಂತ ಒಳ್ಳೆಯ ಯೋಚನೆ ನನಗಂತೂ ಹೊಳೆಯುವುದಿಲ್ಲ.

ನಾನು ಹೋದ ಸಂಜೆ ಹನ್ನೆರಡು ವರ್ಷದ ಒಬ್ಬಳು ಹುಡುಗಿ ಕಲಿಯಲು ಬಂದಿದ್ದಳು. ಎತ್ತರ ಸಾಲದೆ ಮರದ ಪೆಟ್ಟಿಗೆಯ ಮೇಲೆ ನಿಂತಿದ್ದಳು. ಟೀಚರು ಎದುರಿಗೆ ನಿಂತು ಒಂದು ಎಳೆತ ತಾವು ಎಳೆಯುತ್ತಿದ್ದರು, ಇನ್ನೊಂದನ್ನು ಅವಳಿಗೆ ಬಿಡುತ್ತಿದ್ದರು. ಹೀಗೆ ಎಷ್ಟೋ ಹೊತ್ತು. ಆಮೇಲೆ ಏನೂ ಹೇಳದೆ ಎರಡು ಕೈಯನ್ನೂ ಹಿಂದಕ್ಕೆ ತೆಗೆದುಕೊಂಡರು. ಹುಡುಗಿಗೆ ಅದು ತಿಳಿಯಲು ಮೂರು ನಾಲ್ಕು ಸುತ್ತು ಹಿಡಿಯಿತು. ಕಣ್ಣು ಅಗಲವಾಯಿತು, ಕೈ ಬಿಡಲಿಲ್ಲ. ಟೀಚರು "ಸ್ಟ್ಯಾಂಡ್" ಅಂದರು. ಹುಡುಗಿ ಹಗ್ಗವನ್ನು ಮೆಲ್ಲಗೆ ತಡೆದಳು. ಮೇಲೆ ಕತ್ತಲಲ್ಲಿ ಗಂಟೆ ಬಾಯಿ ಮೇಲೆ ಮಾಡಿ ನಿಂತಿತು. ಕೋಣೆಯಲ್ಲಿ ಇದ್ದವರೆಲ್ಲ ಚಪ್ಪಾಳೆ ತಟ್ಟಿದರು. ಅವಳು ಪೆಟ್ಟಿಗೆಯಿಂದ ಇಳಿಯಲೇ ಇಲ್ಲ, ಇನ್ನೊಂದು ಸಲ ಅಂದಳು.

ನಮಸ್ಕಾರ.