ಟ್ರ್ಯಾಕ್ಟರ್ ನೋಟು ಬಿಡಿ, ಅಜ್ಜನ ಚೆಕ್ ಬುಕ್ ಹುಡುಕಿ

ನಮಸ್ಕಾರ. ಹೋದ ವಾರ ಚಿಕ್ಕಪ್ಪ ಫೋನ್ ಮಾಡಿದ್ದರು. "ಟ್ರ್ಯಾಕ್ಟರ್ ಚಿತ್ರ ಇರೋ ಐದು ರೂಪಾಯಿ ನೋಟಿಗೆ ಲಕ್ಷಗಟ್ಟಲೆ ಕೊಡ್ತಾರಂತೆ. ನನ್ನ ಹತ್ರ ಮೂರಿದೆ. ಎಲ್ಲಿ ಮಾರೋದು ಹೇಳು." ಹಳೇ ನೋಟು ಕೂಡಿಡುವ ಹುಚ್ಚು ನನಗಿದೆ ಅಂತ ನೆಂಟರಿಗೆಲ್ಲ ಗೊತ್ತು. ಇಂಥ ಫೋನು ತಿಂಗಳಿಗೆ ಒಂದಾದರೂ ಬಂದೇ ಬರುತ್ತದೆ.

ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಯಾರೂ ಕೊಡುವುದಿಲ್ಲ. ಮಡಚಿ ಮಡಚಿ ಮೆತ್ತಗಾದ ಟ್ರ್ಯಾಕ್ಟರ್ ನೋಟಿನ ಬೆಲೆ ಐದು ರೂಪಾಯಿ. ನಂಬರಿನ ಕೊನೆಗೆ, ಕೆಲವರು ಶುಭ ಅಂತ ನಂಬುವ 786 ಇದ್ದರೆ ಆಸೆಪಟ್ಟವರು ಸ್ವಲ್ಪ ಜಾಸ್ತಿ ಕೊಟ್ಟಾರು, ಅಷ್ಟೇ. "ಲಕ್ಷ ಕೊಡ್ತೀವಿ, ಮೊದಲು ನೋಂದಣಿ ಫೀಸು ಕಟ್ಟಿ, ಟ್ಯಾಕ್ಸ್ ಕಟ್ಟಿ" ಅಂದರೆ ಫೋನ್ ಇಟ್ಟುಬಿಡಿ. ಕೆಲವರು ಆರ್‌ಬಿಐ ಹೆಸರು ಹೇಳಿಕೊಂಡೇ ಈ ಆಟ ಆಡುತ್ತಾರೆ. ತಾನು ಇಂಥ ವ್ಯವಹಾರಕ್ಕೆ ಕೈ ಹಾಕುವುದಿಲ್ಲ, ಯಾರಿಂದಲೂ ಕಮಿಷನ್ ಕೇಳುವುದಿಲ್ಲ ಅಂತ 2021ರ ಆಗಸ್ಟ್‌ನಲ್ಲಿ ಆರ್‌ಬಿಐ ಎಚ್ಚರಿಕೆ ಕೊಟ್ಟಿತ್ತು.

ವಿಷಯ ಇಷ್ಟೇ ಆಗಿದ್ದರೆ ಈ ವಿಡಿಯೊ ಮಾಡುತ್ತಿರಲಿಲ್ಲ. ಫೋನ್ ಇಡುವ ಮುಂಚೆ ಚಿಕ್ಕಪ್ಪ ಇನ್ನೊಂದು ಮಾತು ಹೇಳಿದರು. "ಬೀರು ಖಾಲಿ ಮಾಡ್ತಾ ಇದ್ವಿ ಕಣೋ. ಅಪ್ಪನ ಹಳೇ ಬ್ಯಾಂಕ್ ಕಾಗದ ಎಲ್ಲ ರದ್ದಿಗೆ ಹಾಕಿದೀವಿ, ಆಗಲೇ ಈ ನೋಟು ಸಿಕ್ಕಿದ್ದು."

ರದ್ದಿಗೆ! ಚಪ್ಪಲಿ ಮೆಟ್ಟಿಕೊಂಡು ಓಡಿದೆ. ಪುಣ್ಯಕ್ಕೆ ರದ್ದಿಯವನು ಇನ್ನೂ ಬಂದಿರಲಿಲ್ಲ.

ಇದನ್ನು ನೋಡಿ, ಕ್ಯಾಮೆರಾದ ಹತ್ತಿರ ಹಿಡಿಯುತ್ತೇನೆ. ಸಿಂಡಿಕೇಟ್ ಬ್ಯಾಂಕಿನ ಚೆಕ್ ಬುಕ್. ಖಾತೆ ನಂಬರಿನ ಮೇಲೆ ಬೆರಳಿಟ್ಟಿದ್ದೇನೆ, ನೀವೂ ಫೋಟೊ ಹಾಕುವಾಗ ಹೀಗೇ ಮುಚ್ಚಿ. ತಾರೀಖಿನ ಜಾಗದಲ್ಲಿ 19 ಅಂತ ಮೊದಲೇ ಅಚ್ಚಾಗಿದೆ, ಮುಂದಿನ ಎರಡು ಅಂಕಿ ಬರೆದರೆ ಸಾಕು. ಆ ಶತಮಾನ ಮುಗಿಯುತ್ತದೆ ಅಂತ ಅಚ್ಚು ಹಾಕಿದವರಿಗೆ ಅನ್ನಿಸಿರಲೇ ಇಲ್ಲವೇನೋ. ಈಗಿನ ಚೆಕ್ಕಿನ ಕೆಳಗೆ ಒಂದು ಸಾಲು ಅಂಕಿ ಇರುತ್ತದಲ್ಲ, ಮೆಷಿನ್ ಓದುವುದಕ್ಕೆ? ಅದು ಇಲ್ಲಿಲ್ಲ. ಐಎಫ್‌ಎಸ್‌ಸಿ ಇಲ್ಲ.

ಮಜಾ ಇರುವುದು ಎಡಗಡೆ, ಚೆಕ್ ಹರಿದ ಮೇಲೆ ಪುಸ್ತಕದಲ್ಲೇ ಉಳಿಯುವ ತುಂಡಿನಲ್ಲಿ. ಅಜ್ಜನ ಗುಂಡು ಅಕ್ಷರ, ನೀಲಿ ಶಾಯಿ. "ಗೊಬ್ಬರ, 340." "ಸ್ಕೂಲ್ ಫೀಸು, 65." ಇಲ್ಲೊಂದು, "ಶಾಮಿಯಾನ ಅಡ್ವಾನ್ಸ್, 100." ಅದು ನನ್ನ ಸೋದರತ್ತೆಯ ಮದುವೆ ಶಾಮಿಯಾನ. ಅದರ ಮುಂದಿನದರಲ್ಲಿ ಮೊತ್ತ ಬರೆದು ಹೊಡೆದುಹಾಕಿ, ಪಕ್ಕದಲ್ಲಿ "ನಗದು ಕೊಟ್ಟಿದೆ" ಅಂತ ಬರೆದಿದ್ದಾರೆ. ಯಾರೋ ಚೆಕ್ ಬೇಡ ಅಂದಿರಬೇಕು.

ಈ ಬ್ಯಾಂಕ್ ಹುಟ್ಟಿದ್ದು 1925ರಲ್ಲಿ, ಉಡುಪಿಯಲ್ಲಿ. 1928ರಲ್ಲಿ ಪಿಗ್ಮಿ ಶುರು ಮಾಡಿತು. ಏಜೆಂಟ್ ದಿನಾ ಮನೆ ಬಾಗಿಲಿಗೆ ಬಂದು ಎರಡಾಣೆ ಆದರೂ ಸರಿ, ಜಮಾ ಮಾಡಿಸಿಕೊಂಡು ಹೋಗುವುದು. ಪಿಗ್ಮಿ ಅನ್ನುವ ಮಾತು ಇವತ್ತಿಗೂ ನಮ್ಮ ಬಾಯಲ್ಲಿದೆ. ಬ್ಯಾಂಕ್ ಇಲ್ಲ. 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಅದೇ ದಿನ, ಉಡುಪಿಯಲ್ಲೇ 1906ರಲ್ಲಿ ಹುಟ್ಟಿದ್ದ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿತು. ಅದಕ್ಕೆ ಒಂದು ವರ್ಷ ಮುಂಚೆ ಮಂಗಳೂರಿನ ವಿಜಯಾ ಬ್ಯಾಂಕ್, ಬ್ಯಾಂಕ್ ಆಫ್ ಬರೋಡಾಕ್ಕೆ. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, ಎಸ್‌ಬಿಐಗೆ. ನಾಲ್ವಡಿಯವರ ಕಾಲದಲ್ಲಿ, ವಿಶ್ವೇಶ್ವರಯ್ಯ ದಿವಾನರಾಗಿದ್ದಾಗ, 1913ರಲ್ಲಿ ಶುರುವಾದ ಬ್ಯಾಂಕ್ ಅದು. ನಾಲ್ಕೂ ಹೋಗಿದ್ದು ಏಪ್ರಿಲ್ ಒಂದನೇ ತಾರೀಖೇ. ತಮಾಷೆ ಅಂದುಕೊಳ್ಳಬೇಕಷ್ಟೆ.

ವಿಲೀನ ಸರಿಯೋ ತಪ್ಪೋ, ಆ ಜಗಳ ಇವತ್ತು ಬೇಡ. ನನ್ನ ತಕರಾರು ನಮ್ಮ ಮೇಲೆಯೇ. ನಾಲ್ಕು ಬ್ಯಾಂಕುಗಳ ಚೆಕ್ಕು, ಪಾಸ್‌ಬುಕ್ಕು, ಪಿಗ್ಮಿ ಪುಸ್ತಕ ಎಲ್ಲ ಕೆಜಿ ಲೆಕ್ಕದಲ್ಲಿ ರದ್ದಿಗೆ ಹೋಗುತ್ತಿದೆ, ನಾವು ಟ್ರ್ಯಾಕ್ಟರ್ ಹಿಂದೆ ಓಡುತ್ತಿದ್ದೇವೆ. ನೋಟಿಗೆ ಕ್ಯಾಟಲಾಗ್ ಇದೆ, ಹರಾಜು ಇದೆ, ಮುಂಬೈಯಲ್ಲಿ ಆರ್‌ಬಿಐನದೇ ಮ್ಯೂಸಿಯಂ ಇದೆ. ಅಜ್ಜನ ಚೆಕ್ಕಿಗೆ ನಮ್ಮನ್ನು ಬಿಟ್ಟರೆ ಬೇರೆ ದಿಕ್ಕಿಲ್ಲ.

ನೋಟೂ ನನಗೆ ಇಷ್ಟವೇ, ತಪ್ಪು ತಿಳಿಯಬೇಡಿ. ಒಂದನೇ ಮಹಾಯುದ್ಧದಲ್ಲಿ ಬೆಳ್ಳಿ ಸಾಲದೆ, 1917ರ ನವೆಂಬರ್ 30ಕ್ಕೆ ಸರ್ಕಾರ ಒಂದು ರೂಪಾಯಿಯ ನೋಟು ತಂದಿತು. ಅದು 25 ನೋಟುಗಳ ಪುಸ್ತಕವಾಗಿಯೂ ಬರುತ್ತಿತ್ತು. ಚೆಕ್ ಹರಿದ ಹಾಗೆ ದುಡ್ಡು ಹರಿದು ಕೊಡುವುದು! ಎರಡನೇ ಯುದ್ಧದಲ್ಲಿ ಚಿಲ್ಲರೆಗೇ ಬರ ಬಂತು. ಆಗ ಗುಜರಾತ್, ರಾಜಸ್ಥಾನದ ಕಡೆಯ ಕೆಲವು ಸಂಸ್ಥಾನಗಳು ಪೈಸೆ, ಆಣೆ ಲೆಕ್ಕದ ಕಾಗದದ ಕೂಪನ್ ಅಚ್ಚು ಹಾಕಿಸಿದವು. ಚಿಲ್ಲರೆ ಇಲ್ಲದಿದ್ದರೆ ಜನ ಯಾವ ಕಾಗದವನ್ನೂ ದುಡ್ಡು ಮಾಡಿಕೊಳ್ಳುತ್ತಾರೆ. ನಮ್ಮ ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಹಿಂದೆ ಬಾಕಿ ಗೀಚಿ "ಇಳಿಯುವಾಗ ಇಸ್ಕೊಳ್ಳಿ" ಅನ್ನುವುದಿಲ್ಲವೇ? ಅದೂ ಇದೇ ಜಾತಿ. ನನ್ನ ಆಲ್ಬಮ್ಮಿನಲ್ಲಿ ಅಂಥ ಒಂದು ಟಿಕೆಟ್ ಇದೆ. ಹಿಂದೆ 7 ಅಂತ ಬರೆದು ಸುತ್ತು ಹಾಕಿದೆ. ನಿದ್ದೆಗಣ್ಣಲ್ಲಿ ಇಳಿದುಬಿಟ್ಟಿದ್ದೆ. ಆ ಏಳು ರೂಪಾಯಿ ನನಗೆ ಇನ್ನೂ ಬರಬೇಕು.

ಇನ್ನು ಇಟ್ಟುಕೊಳ್ಳುವುದು ಹೇಗೆ ಅಂತ. ನಾನು ಮಾಡಿದ ಪಾಪವನ್ನೇ ಹೇಳಿಬಿಡುತ್ತೇನೆ. ಹೈಸ್ಕೂಲಿನಲ್ಲಿದ್ದಾಗ, ಅಜ್ಜಿ ಕೊಟ್ಟ ಹಳೇ ಎರಡು ರೂಪಾಯಿ ನೋಟನ್ನು ಜೆರಾಕ್ಸ್ ಅಂಗಡಿಗೆ ಕೊಟ್ಟು ಲ್ಯಾಮಿನೇಷನ್ ಮಾಡಿಸಿದೆ. ನಡುವೆ ಗಾಳಿಗುಳ್ಳೆ ಎದ್ದಿದೆ, ಬಿಡಿಸಲು ಹೋದರೆ ನೋಟೇ ಸೀಳುತ್ತದೆ. ಲ್ಯಾಮಿನೇಷನ್ ಬೇಡ, ಸೆಲೊಟೇಪ್ ಬೇಡ, ಇಸ್ತ್ರಿಯಂತೂ ಬೇಡವೇ ಬೇಡ. ಪಿವಿಸಿ ಕವರ್ ವರ್ಷ ಕಳೆದಂತೆ ಅಂಟಂಟಾಗುತ್ತದೆ. ಪಾಲಿಯೆಸ್ಟರ್ ಕವರ್ ಕೇಳಿ ತಗೊಳ್ಳಿ.

ಇನ್ನೊಂದು ವಿಷಯ. 2016ರಲ್ಲಿ ರದ್ದಾದ 500, 1000ದ ನೋಟುಗಳನ್ನು ನೆನಪಿಗೆ ಅಂತ ಇಟ್ಟುಕೊಂಡಿದ್ದೀರಾ? ಎಣಿಸಿ ನೋಡಿ. 2017ರ ಕಾಯ್ದೆ ಪ್ರಕಾರ ಒಟ್ಟು ಹತ್ತರವರೆಗೆ ಇಟ್ಟುಕೊಳ್ಳಬಹುದು. ಅಧ್ಯಯನಕ್ಕೆ, ಸಂಗ್ರಹಕ್ಕೆ ಅಂದರೆ 25. ಮೀರಿದರೆ ದಂಡ ಹತ್ತು ಸಾವಿರ ಅಥವಾ ಮುಖಬೆಲೆಯ ಐದು ಪಟ್ಟು, ಯಾವುದು ಜಾಸ್ತಿಯೋ ಅದು.

ನಿನ್ನೆ ಚಿಕ್ಕಪ್ಪ ಮತ್ತೆ ಫೋನ್ ಮಾಡಿದ್ದರು. "ಆ ಚೆಕ್ ಬುಕ್ಕಿಗೆ ಎಷ್ಟು ಬರುತ್ತೆ?" ಏನೂ ಬರಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದ್ರೆ ಭಾನುವಾರ ತಗೊಂಡು ಬಾ. ಅಕ್ಕ ಬರ್ತಾಳೆ, ಶಾಮಿಯಾನದ ಲೆಕ್ಕ ತೋರಿಸಬೇಕು."